ನಮ್ಮ ಹಳ್ಳಿಗಳ ಸಾವಿನ ಲೆಕ್ಕ ಕೇಳಿದ ನೈಟಿಂಗೇಲ್

ವೈಟ್‌ಫೀಲ್ಡ್ ದಾಟಿ ಹೊಸಕೋಟೆ ಕಡೆ ಹೋಗುವಾಗ ಒಂದು ಹಳ್ಳಿ ಸಿಗುತ್ತದೆ. ಹಳ್ಳಿ ಅಂತ ಪಂಚಾಯಿತಿ ಬೋರ್ಡು ಹೇಳುತ್ತದೆ ಅಷ್ಟೇ. ಒಂದು ಕಡೆ ಗೋದಾಮುಗಳು, ಇನ್ನೊಂದು ಕಡೆ ಅಪಾರ್ಟ್‌ಮೆಂಟ್, ನಡುವೆ ಮಾರಮ್ಮನ ಗುಡಿ, ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ಆ ಊರಿನ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಕಳೆದ ವರ್ಷ ಅರ್ಧ ದಿನ ಓಡಾಡಿದ್ದೆ. ಅಕ್ಕನ ಚೀಲದಲ್ಲಿ ನಾಲ್ಕು ರಿಜಿಸ್ಟರು, ಕೈಯಲ್ಲಿ ಒಂದು ಮೊಬೈಲು. ಬಸುರಿಯರ ಲೆಕ್ಕ ಒಂದರಲ್ಲಿ, ಮಕ್ಕಳ ಲಸಿಕೆ ಇನ್ನೊಂದರಲ್ಲಿ, ಬಿಪಿ ಶುಗರ್ ಮತ್ತೊಂದರಲ್ಲಿ. ಸತ್ತವರ ಪುಟಕ್ಕೆ ಬಂದಾಗ ಹೆಸರು ಇತ್ತು, ತಾರೀಖು ಇತ್ತು. ಯಾಕೆ ಸತ್ತರು ಅನ್ನುವ ಕಡೆ ಬಹುಪಾಲು ಖಾಲಿ, ಇಲ್ಲವೇ ಹಾರ್ಟು ಅಂತ ಒಂದೇ ಪದ. ಶೆಡ್ಡಿನವರ ಹೆಸರುಗಳಂತೂ ಆ ಪುಟದಲ್ಲಿ ಇಲ್ಲವೇ ಇಲ್ಲ. ಅವರು ಆರು ತಿಂಗಳಿಗೆ ಜಾಗ ಬದಲಿಸ್ತಾರೆ, ಕಾಯಿಲೆ ಜಾಸ್ತಿಯಾದರೆ ರಾಯಚೂರಿಗೋ ಬಿಹಾರಕ್ಕೋ ರೈಲು ಹತ್ತಿ ಹೋಗಿಬಿಡ್ತಾರೆ, ಸಾವು ಅಲ್ಲಿ ಆಗುತ್ತದೆ ಅಂತ ಅಕ್ಕ ವಿವರಿಸಿದರು.

ವಾಪಸ್ಸು ಬರುವಾಗ ನನಗೆ ನೆನಪಾಗಿದ್ದು ಫ್ಲಾರೆನ್ಸ್ ನೈಟಿಂಗೇಲ್. ಶಾಲೆಯ ಪಾಠದಲ್ಲಿ ಬರುವ, ರಾತ್ರಿ ದೀಪ ಹಿಡಿದು ಗಾಯಾಳುಗಳ ನಡುವೆ ಓಡಾಡುವ ಆ ದಾದಿ ಅಲ್ಲ. ಅದಕ್ಕಿಂತ ಎಷ್ಟೋ ಹೆಚ್ಚು ವರ್ಷ ಲಂಡನ್ನಿನ ಒಂದು ಕೋಣೆಯಲ್ಲಿ ಹಾಸಿಗೆ ಹಿಡಿದು ಮಲಗಿಕೊಂಡೇ, ತಾನು ಒಮ್ಮೆಯೂ ನೋಡದ ಇಂಡಿಯಾದ ಕಂಟೋನ್ಮೆಂಟುಗಳ, ಆಮೇಲೆ ಹಳ್ಳಿಗಳ, ಸಾವಿನ ಲೆಕ್ಕ ಕೇಳುತ್ತಿದ್ದ ಹೆಂಗಸು. ಆಕೆ ಲೆಕ್ಕ ಕೇಳಿದ ಜಾಗಗಳಲ್ಲಿ ನಮ್ಮ ಬೆಂಗಳೂರೂ ಒಂದು.

ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಇಂಗ್ಲೆಂಡಿನಲ್ಲಿ ಎರಡು ಎಸ್ಟೇಟು, ಆಳುಕಾಳು, ಬೇಸಿಗೆಗೆ ಒಂದು ಮನೆ, ಚಳಿಗಾಲಕ್ಕೆ ಒಂದು ಮನೆ ಇದ್ದ ಕುಟುಂಬ. ಅಪ್ಪ ವಿಲಿಯಂ ತಾನೇ ಕೂತು ಇಬ್ಬರು ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದ. ಗಣಿತ ಬೇಕು ಅಂತ ಕಿರಿಯವಳು ಹಟ ಹಿಡಿದಾಗ ಮಾತ್ರ ಮನೆಯಲ್ಲಿ ಗೊಣಗಾಟ ಶುರುವಾಯಿತು. ಮದುವೆಯಾಗಬೇಕಾದ ಹುಡುಗಿಗೆ ಗಣಿತ ಯಾಕೆ ಅನ್ನುವುದು ನಮ್ಮ ಕಡೆಯ ಪ್ರಶ್ನೆ ಮಾತ್ರ ಅಲ್ಲ, ನೋಡಿ. ಹದಿನಾರು ವಯಸ್ಸಿನಲ್ಲಿ, 1837ರಲ್ಲಿ, ದೇವರು ತನ್ನನ್ನು ಸೇವೆಗೆ ಕರೆದ ಅಂತ ಆಕೆಗೆ ಅನ್ನಿಸಿತು. ಯಾವ ಸೇವೆ ಅನ್ನುವುದು ಗೊತ್ತಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ದಾದಿಯಾಗುತ್ತೇನೆ ಅಂದಾಗ ಅಮ್ಮ, ಅಕ್ಕ ಇಬ್ಬರೂ ಅತ್ತು ಕರೆದು ರಂಪ ಮಾಡಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿ ಅಂದರೆ ಕುಡುಕಿ, ಗತಿಗೆಟ್ಟವಳು ಅನ್ನುವ ಹೆಸರಿತ್ತು. ಒಳ್ಳೆಯ ಸಂಬಂಧವೊಂದು ಮನೆಬಾಗಿಲಿಗೆ ಬಂದು ವರ್ಷಗಟ್ಟಲೆ ಕಾದಿತ್ತು. ಅದನ್ನೂ ಬೇಡ ಅಂದಳು. ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಕೆಲವು ತಿಂಗಳ ತರಬೇತಿ ಪಡೆದು, 1853ರಲ್ಲಿ ಲಂಡನ್ನಿನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಆಗ ಆಕೆಗೆ 33.

ಮರುವರ್ಷ ಕ್ರಿಮಿಯಾ ಯುದ್ಧ. ರಷ್ಯಾದ ವಿರುದ್ಧ ಬ್ರಿಟನ್, ಫ್ರಾನ್ಸ್, ತುರ್ಕಿ ಒಂದು ಕಡೆ. 38 ದಾದಿಯರನ್ನು ಕಟ್ಟಿಕೊಂಡು 1854ರ ನವೆಂಬರ್ 4ರಂದು ಆಕೆ ಇಸ್ತಾಂಬುಲ್ ಎದುರಿನ ಸ್ಕುಟಾರಿಗೆ ಬಂದಿಳಿದಳು. ತುರ್ಕಿ ಸೈನ್ಯದ ಬ್ಯಾರಕ್ಕನ್ನೇ ಆಸ್ಪತ್ರೆ ಮಾಡಿದ್ದರು. ಕಟ್ಟಡದ ಅಡಿಯಲ್ಲೇ ಕಟ್ಟಿಕೊಂಡ ಚರಂಡಿ. ಬಟ್ಟೆ ಇಲ್ಲ, ಸೋಪಿಲ್ಲ, ನೆಟ್ಟಗೆ ಅಡಿಗೆ ಇಲ್ಲ. ಆಕೆ ಇದನ್ನೆಲ್ಲ ಹೊಂದಿಸಿದಳು. ಆದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ 100 ಜನರಲ್ಲಿ ಸುಮಾರು 42 ಮಂದಿ ಸಾಯುತ್ತಿದ್ದರು. ಮಾರ್ಚಿನಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂತು. ಅದರಲ್ಲಿ ಒಬ್ಬ ವೈದ್ಯ, ಒಬ್ಬ ಇಂಜಿನಿಯರ್ ಇದ್ದರು. ಅವರು ಚರಂಡಿ ತೆಗೆಸಿದರು, ನೀರಿನ ಕೊಳವೆ ಬಿಚ್ಚಿಸಿ ತೊಳೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ಗಾಳಿಗೆ ದಾರಿ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಬಂತು.

ದೀಪದ ಕಥೆ ಪತ್ರಿಕೆಗಳಲ್ಲಿ ಹಬ್ಬಿದ್ದು ಇದೇ ಸಮಯದಲ್ಲಿ. ಆಕೆ ಇಂಗ್ಲೆಂಡಿಗೆ ಮರಳುವಾಗ ದೇಶವೇ ಸ್ವಾಗತಕ್ಕೆ ನಿಂತಿತ್ತು. 1856ರ ಆಗಸ್ಟಿನಲ್ಲಿ ಬೇರೆ ಹೆಸರಿಟ್ಟುಕೊಂಡು, ಯಾರಿಗೂ ಗೊತ್ತಾಗದ ಹಾಗೆ ಮನೆ ಸೇರಿದಳು.

ನಿಜವಾದ ಬದುಕು ಅಲ್ಲಿಂದ ಶುರು ಅಂತ ನನಗನ್ನಿಸುತ್ತದೆ. ಸತ್ತ ಸೈನಿಕರ ಕಾಗದಗಳನ್ನು ಇಟ್ಟುಕೊಂಡು ಆಕೆ ವಿಲಿಯಂ ಫಾರ್ ಎಂಬಾತನ ಹತ್ತಿರ ಹೋದಳು. ಫಾರ್ ಇಂಗ್ಲೆಂಡಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ಕೂತು, ಯಾರು ಯಾವ ಕಾಯಿಲೆಯಿಂದ ಸತ್ತರು ಎಂದು ವಾರವಾರ ಪಟ್ಟಿ ಮಾಡುತ್ತಿದ್ದವನು. ಇಬ್ಬರೂ ಕೂತು ಲೆಕ್ಕ ಹಾಕಿದಾಗ ಕ್ರಿಮಿಯಾದಲ್ಲಿ ರೋಗದಿಂದ ಸತ್ತ ಬ್ರಿಟಿಷ್ ಸೈನಿಕರು ಸುಮಾರು 16 ಸಾವಿರ, ಗುಂಡು ಕತ್ತಿಗೆ ಸತ್ತವರು ಐದು ಸಾವಿರಕ್ಕೂ ಕಡಿಮೆ ಅಂತ ಗೊತ್ತಾಯಿತು. ಅಷ್ಟೇ ಅಲ್ಲ, ತಾನು ನೋಡಿಕೊಳ್ಳುತ್ತಿದ್ದ ಸ್ಕುಟಾರಿಯಲ್ಲೇ ಸಾವು ವಿಪರೀತವಾಗಿತ್ತು. ಆ ಸತ್ಯ ಆಕೆಯನ್ನು ಒಳಗೊಳಗೇ ಮುರಿಯಿತು, ಅದಾದ ಮೇಲಿನ ಕೆಲಸವೆಲ್ಲ ಅದಕ್ಕೆ ತೀರಿಸಿದ ಋಣ ಅಂತ ವಾದಿಸುವ ಚರಿತ್ರೆಕಾರರಿದ್ದಾರೆ. ಒಪ್ಪದವರೂ ಇದ್ದಾರೆ. ತನ್ನ ಆಸ್ಪತ್ರೆಯ ಕೆಟ್ಟ ಅಂಕಿಗಳನ್ನು ಆಕೆ ಬಚ್ಚಿಡಲಿಲ್ಲ, ಅಚ್ಚು ಹಾಕಿಸಿದಳು ಅನ್ನುವುದಂತೂ ನಿಜ.

ಅಚ್ಚು ಹಾಕಿಸಿದ್ದು ಬಣ್ಣದ ಚಿತ್ರದಲ್ಲಿ. ಹನ್ನೆರಡು ತಿಂಗಳಿಗೆ ಹನ್ನೆರಡು ತುಂಡು, ಗಡಿಯಾರದ ಹಾಗೆ ಸುತ್ತಲೂ. ತಡೆಯಬಹುದಾಗಿದ್ದ ಕಾಯಿಲೆಯ ಸಾವು ನೀಲಿ, ಗಾಯದ್ದು ಕೆಂಪು, ಉಳಿದದ್ದು ಕಪ್ಪು. ನೀಲಿ ಉಬ್ಬಿಕೊಂಡು ಪುಟದಿಂದಾಚೆ ಹೋಗುವ ಹಾಗಿದೆ. ಮೊದಲು ಮಾಡಿದ ಒಂದು ಮಾದರಿಯಲ್ಲಿ ಅಂಕಿಯನ್ನು ತ್ರಿಜ್ಯಕ್ಕೆ ಹಾಕಿದ್ದರು. ಹಾಗೆ ಮಾಡಿದರೆ ಸಂಖ್ಯೆ ಎರಡು ಪಟ್ಟಾದಾಗ ಚಿತ್ರದ ವಿಸ್ತೀರ್ಣ ನಾಲ್ಕು ಪಟ್ಟಾಗಿ ಕಣ್ಣಿಗೆ ಮೋಸ. ಆಮೇಲೆ ವಿಸ್ತೀರ್ಣಕ್ಕೇ ಅಂಕಿ ಹೊಂದಿಸಿದರು. ಈ ತಪ್ಪನ್ನು ಇವತ್ತಿಗೂ ಎಷ್ಟೋ ಕಂಪನಿಗಳ ಪ್ರೆಸೆಂಟೇಷನ್‌ನಲ್ಲಿ ನೋಡಬಹುದು. ನಾನೇ ಮಾಡಿದ್ದೇನೆ. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ಸದಸ್ಯೆಯಾಗಿ ಆರಿಸಿತು. ಆ ಸಂಘಕ್ಕೆ ಬಂದ ಮೊದಲ ಹೆಂಗಸು.

ಅಷ್ಟರಲ್ಲಿ ಆರೋಗ್ಯ ಕೈಕೊಟ್ಟಿತ್ತು. ಕ್ರಿಮಿಯಾದಲ್ಲಿ ಅಂಟಿದ ಜ್ವರ ಬೆನ್ನು ಬಿಡಲಿಲ್ಲ. ಅದು ಬ್ರುಸೆಲೋಸಿಸ್ ಇದ್ದಿರಬೇಕು ಅಂತ ಈಗಿನ ವೈದ್ಯರ ಅಂದಾಜು. 1857ರಿಂದ ವರ್ಷಗಟ್ಟಲೆ ಮಂಚವೇ ಕಚೇರಿ. ಮಂತ್ರಿಗಳು, ವೈಸರಾಯ್ ಆಗಲಿರುವವರು ಆ ಮಂಚದ ಹತ್ತಿರ ಬಂದು ಕೂರಬೇಕು, ಅದೂ ಒಬ್ಬೊಬ್ಬರಾಗಿ.

ಇಂಡಿಯಾ ಬಂದದ್ದು ಈ ಮಂಚದ ಮೇಲೆ. 1857ರ ದಂಗೆಯಾದ ಮೇಲೆ ಬ್ರಿಟಿಷರು ಇಲ್ಲಿ ದೊಡ್ಡ ಗೋರಾ ಸೈನ್ಯ ಇಡಬೇಕಾಯಿತು. ಆ ಸೈನ್ಯವೋ ಯುದ್ಧವಿಲ್ಲದೆಯೇ ಸಾಯುತ್ತಿತ್ತು. ವರ್ಷಕ್ಕೆ ಸಾವಿರಕ್ಕೆ 69 ಜನ, ಅದೂ ದಶಕಗಳ ಸರಾಸರಿ. 1859ರಲ್ಲಿ ರಾಯಲ್ ಆಯೋಗ ಕೂತಿತು. ಹೆಂಗಸು ಆಯೋಗದ ಸದಸ್ಯೆ ಆಗುವಂತಿರಲಿಲ್ಲ, ಆದರೆ ಅದರ ಮೆದುಳು ಆಕೆಯೇ. ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಡತಗಳಲ್ಲಿ ನೆಟ್ಟಗಿನ ಅಂಕಿಗಳೇ ಇರಲಿಲ್ಲ. ಹಾಗಾದರೆ ನೇರ ಕೇಳೋಣ ಅಂತ ಆಕೆ ಒಂದು ಪ್ರಶ್ನಾವಳಿ ತಯಾರು ಮಾಡಿ ಇಂಡಿಯಾದ ಎಲ್ಲ ಸೇನಾ ಠಾಣೆಗಳಿಗೂ ಕಳಿಸಿದಳು. ನೀರು ಎಲ್ಲಿಂದ ಬರುತ್ತದೆ? ಯಾರು ಸೇದುತ್ತಾರೆ? ಚರಂಡಿ ಎಲ್ಲಿಗೆ ಹೋಗುತ್ತದೆ? ಬಜಾರು ಎಷ್ಟು ದೂರ? ಒಬ್ಬನಿಗೆ ಎಷ್ಟು ಘನ ಅಡಿ ಗಾಳಿ? ಯಾವ ತಿಂಗಳಲ್ಲಿ ಯಾವ ಕಾಯಿಲೆ, ಎಷ್ಟು ಸಾವು? ಇವತ್ತಿನ ಸಮೀಕ್ಷೆಯ ಫಾರ್ಮುಗಳನ್ನು ನೋಡಿದವರಿಗೆ ಇದು ಪರಿಚಿತ ಅನ್ನಿಸುತ್ತದೆ. ಹಡಗಿನಲ್ಲಿ ಬಂದ ಉತ್ತರಗಳು ಎಷ್ಟಾದವು ಅಂದರೆ ಮನೆ ಬದಲಿಸುವಾಗ ಅವೇ ಎರಡು ಗಾಡಿ ತುಂಬಿದವು.

ಬೆಂಗಳೂರು ಕಂಟೋನ್ಮೆಂಟಿನಿಂದಲೂ ಉತ್ತರ ಹೋಯಿತು. ಆ ಉತ್ತರಗಳನ್ನು ಓದಿ ಆಕೆ ಬರೆದ ಟಿಪ್ಪಣಿಯಲ್ಲಿ ನಮ್ಮ ಹಲಸೂರು ಕೆರೆ ಬರುತ್ತದೆ. ಕುಡಿಯಲು ಬಳಸುವ ಆ ಕೆರೆಗೇ ಕಂಟೋನ್ಮೆಂಟ್ ಬಜಾರಿನ ಹೊಲಸೆಲ್ಲ ಹರಿದು ಸೇರುತ್ತದೆ ಅನ್ನುವ ಸಂಗತಿಯನ್ನು ಇಲ್ಲಿನ ಹಿರಿಯ ಸೇನಾ ವೈದ್ಯನೊಬ್ಬ ತಿಳಿಸಿದ್ದ. ಆಕೆ ಅದನ್ನು ಲಂಡನ್ನಿನ ಓದುಗರ ಮುಂದೆ ಇಟ್ಟಳು. 1863ರಲ್ಲಿ ವರದಿ ಎರಡು ಭಾರೀ ಸಂಪುಟಗಳಾಗಿ, ಎರಡು ಸಾವಿರಕ್ಕೂ ಹೆಚ್ಚು ಪುಟಗಳಲ್ಲಿ ಬಂತು. ಅಷ್ಟು ಪುಟ ಯಾರೂ ಓದುವುದಿಲ್ಲ ಅಂತ ಗೊತ್ತಿದ್ದರಿಂದ ತನ್ನ ಟಿಪ್ಪಣಿಯನ್ನು ಚಿತ್ರಗಳ ಸಮೇತ ಬೇರೆಯಾಗಿ ಅಚ್ಚು ಹಾಕಿಸಿ ಹಂಚಿದಳು.

ಇಲ್ಲೊಂದು ಮಾತು ಹೇಳಬೇಕು. ಹಲಸೂರು ಕೆರೆ ತುಂಬಿದರೆ ನೀರು ಬೆಳ್ಳಂದೂರಿಗೆ ಹೋಗುತ್ತದೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರಿನ ನೊರೆ, 2017 ಮತ್ತು 2018ರಲ್ಲಿ ಆ ಕೆರೆಗೆ ಬಿದ್ದ ಬೆಂಕಿ ನೀವು ಟಿವಿಯಲ್ಲಿ ನೋಡಿರುತ್ತೀರಿ. 2018ರಿಂದ ಇದೇ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅಂತ ಕೋಲಾರದ ರೈತರು ಕೇಳುತ್ತಲೇ ಇದ್ದಾರೆ. ಕೆರೆ ತುಂಬಿ ಬೋರ್‌ವೆಲ್‌ಗೆ ಜೀವ ಬಂತು ಅನ್ನುವವರೂ ಅದೇ ಊರುಗಳಲ್ಲಿದ್ದಾರೆ. ಸರಿ ಯಾರು ಅಂತ ಗೊತ್ತಾಗಲು ನೀರಿನ ಪರೀಕ್ಷೆ ಮಾಡಿದರೆ ಸಾಲದು. ಆ ನೀರಿನ ಸುತ್ತ ಬದುಕುವ ಜನರನ್ನು ಹತ್ತು, ಇಪ್ಪತ್ತು ವರ್ಷ ನೋಡುತ್ತಿರಬೇಕು.

ನೈಟಿಂಗೇಲ್ ಕೇಳಿದ್ದು ಇದನ್ನೇ. ಒಂದು ಸಲ ಎಣಿಸಿ ಬಿಟ್ಟರೆ ಪ್ರಯೋಜನವಿಲ್ಲ; ಅದೇ ಜಾಗ, ಅದೇ ಫಾರ್ಮು, ಪ್ರತಿ ವರ್ಷ. 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಆಕೆ ಕೊಟ್ಟ ಯೋಜನೆ, ಎಲ್ಲ ಆಸ್ಪತ್ರೆಗಳೂ ಕಾಯಿಲೆಗಳನ್ನು ಒಂದೇ ರೀತಿ ದಾಖಲಿಸಬೇಕು ಅನ್ನುವುದು. 1861ರ ಇಂಗ್ಲೆಂಡಿನ ಜನಗಣತಿಯಲ್ಲಿ ಆ ದಿನ ಮನೆಯಲ್ಲಿ ಎಷ್ಟು ಜನ ಕಾಯಿಲೆ ಬಿದ್ದಿದ್ದಾರೆ, ಮನೆ ಎಂಥದ್ದು ಅಂತಲೂ ಕೇಳಿ ಎಂದು ಹಟ ಹಿಡಿದಳು. ಸರ್ಕಾರ ಒಪ್ಪಲಿಲ್ಲ. ಮನೆಯ ಗೋಡೆಗೂ ಮನುಷ್ಯನ ಕೆಮ್ಮಿಗೂ ಸಂಬಂಧವಿದೆ ಅನ್ನುವುದನ್ನು ಒಂದೇ ಕಾಗದದ ಮೇಲೆ ನೋಡುವ ಅವಕಾಶ ಹಾಗೆ ತಪ್ಪಿತು.

ಇಂಡಿಯಾದಲ್ಲಿ ಸ್ವಲ್ಪ ನಡೆಯಿತು. ಜಾನ್ ಲಾರೆನ್ಸ್ ವೈಸರಾಯ್ ಆಗಿ ಹೊರಡುವ ಮುಂಚೆ ಆಕೆಯನ್ನು ಭೇಟಿಯಾಗಿ ಬಂದಿದ್ದ. 1864ರಲ್ಲಿ ಬಂಗಾಳ, ಮದ್ರಾಸು, ಬೊಂಬಾಯಿ ಮೂರೂ ಕಡೆ ನೈರ್ಮಲ್ಯ ಆಯೋಗಗಳು ಬಂದವು. ವರ್ಷವರ್ಷ ವರದಿಗಳು ಲಂಡನ್ನಿಗೆ ಹೋದವು, ಆಕೆ ಒಂದೊಂದನ್ನೂ ಓದಿ ತಪ್ಪು ಹುಡುಕಿ ಪತ್ರ ಬರೆದಳು. ಹತ್ತು ವರ್ಷದ ಆಮೇಲೆ ಸೈನ್ಯದ ಸಾವಿನ ಪ್ರಮಾಣ 69ರಿಂದ 18ಕ್ಕೆ ಇಳಿದಿತ್ತು.

ಆದರೆ ಅದು ಸೈನ್ಯದ ಲೆಕ್ಕ. ಬ್ಯಾರಕ್ಕಿನ ಗೋಡೆಯಾಚೆ ಕೋಟ್ಯಂತರ ಜನ ಇದ್ದರು. ಬಜಾರು ಹೊಲಸಾಗಿದ್ದರೆ ಬ್ಯಾರಕ್ಕು ಉಳಿಯುವುದಿಲ್ಲ ಅನ್ನುವ ಲಾಭದ ಮಾತಿನಿಂದಲೇ ಆಕೆ ಮೊದಲು ಆ ಕಡೆ ನೋಡಿದ್ದು, ಅದನ್ನು ಮರೆಯಬಾರದು. ಸಾಮ್ರಾಜ್ಯ ಇರಲೇಬಾರದು ಅಂತ ಆಕೆಗೆ ಯಾವತ್ತೂ ಅನ್ನಿಸಲಿಲ್ಲ. ಅದು ಇನ್ನೂ ಚೆನ್ನಾಗಿ ಆಳಬೇಕು ಅನ್ನಿಸಿತ್ತು. ಕಾಯಿಲೆ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ನಂಬಿದ್ದಳು, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಅನ್ನುವುದನ್ನು ಬಹಳ ವರ್ಷ ತಳ್ಳಿಹಾಕಿದಳು. ಚರಂಡಿ, ನೀರು, ಗಾಳಿ ಅಂತ ಆಕೆ ಹೇಳಿದ ಮದ್ದು ಮಾತ್ರ ಸರಿಯಾಗಿತ್ತು.

ಮನಸ್ಸು ತಿರುಗಿದ್ದು ಬರಗಾಲದಲ್ಲಿ. 1876ರಿಂದ 1878ರವರೆಗಿನ ಮಹಾ ಕ್ಷಾಮ ಮದ್ರಾಸು ಪ್ರಾಂತ್ಯವನ್ನು, ನಮ್ಮ ಮೈಸೂರು ಸೀಮೆಯನ್ನು ಸುಟ್ಟುಹಾಕಿತು. ನಮ್ಮ ಅಜ್ಜಿಯರ ಅಜ್ಜಿಯರು ಧಾತು ವರ್ಷದ ಬರ ಅಂತ ಕರೆಯುತ್ತಿದ್ದದ್ದು ಅದನ್ನೇ. ಯಾರು, ಎಲ್ಲಿ, ಎಷ್ಟು ಸತ್ತರು ಅಂತ ಬರೆದಿಟ್ಟವರು ಕಡಿಮೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷದ 55 ಸಾವಿರ ಜನರಿದ್ದರು. 1881ರಲ್ಲಿ 41 ಲಕ್ಷದ 86 ಸಾವಿರ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಿತ್ತು. ಎಂಟೂವರೆ ಲಕ್ಷಕ್ಕೂ ಮೀರಿ ಕಡಿಮೆಯಾಗಿದ್ದರು. ಎರಡು ಜನಗಣತಿಯ ನಡುವಿನ ಕಳೆಯುವ ಲೆಕ್ಕದಿಂದ ಸಾವು ಗೊತ್ತಾಗುವುದು ಅಂದರೆ ಅದು ಎಂಥ ನೋಂದಣಿ? (2011ರ ಮೇಲೆ ನಮ್ಮಲ್ಲಿ ಜನಗಣತಿಯೇ ಆಗದೆ ದಶಕ ದಾಟಿತು, ನಡುವೆ ಕೋವಿಡ್ ಬಂದು ಹೋಯಿತು. ಎಷ್ಟು ಸತ್ತರು ಅನ್ನುವ ಜಗಳ ಇನ್ನೂ ಮುಗಿದಿಲ್ಲ.)

1878ರಲ್ಲಿ ಆಕೆ ಇಂಡಿಯಾದ ಜನರ ಬಗ್ಗೆ ಬರೆದ ಲೇಖನ ಲಂಡನ್ನಿನ ಅಧಿಕಾರಿಗಳಿಗೆ ಹಿಡಿಸಲಿಲ್ಲ. ನೀರಾವರಿ ಬೇಕು, ಸಾಲಗಾರರ ಹಿಡಿತದಿಂದ ರೈತ ತಪ್ಪಿಸಿಕೊಳ್ಳಬೇಕು, ಹೊಟ್ಟೆಗಿಲ್ಲದವನಿಗೆ ನೈರ್ಮಲ್ಯದ ಉಪದೇಶ ಮಾಡಿ ಏನು ಪ್ರಯೋಜನ ಅನ್ನುವುದು ಅದರ ತಿರುಳು. ಗೋದಾವರಿಗೆ ಅಣೆಕಟ್ಟು ಕಟ್ಟಿದ ಇಂಜಿನಿಯರ್ ಆರ್ಥರ್ ಕಾಟನ್ ಜೊತೆ ಸೇರಿ ಕಾಲುವೆಗಳ ಪರ ವಾದಿಸಿದಳು. ದಾದಾಭಾಯಿ ನವರೋಜಿಯಂಥವರ ಜೊತೆ ಒಡನಾಟ ಬೆಳೆಯಿತು. 1890ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ, ಆಕೆ ಹಿಡಿದದ್ದು ಒಂದೇ ಪಟ್ಟು: ಹಳ್ಳಿಯವರಿಂದ ವಸೂಲಿ ಮಾಡುವ ಸೆಸ್ಸಿನ ಮೊದಲ ಪಾಲು ಆ ಹಳ್ಳಿಯ ನೀರು, ಚರಂಡಿಗೇ ಹೋಗಬೇಕು, ರಸ್ತೆಗೆ ಆಮೇಲೆ. ಸರ್ಕಾರ ದುಡ್ಡಿಲ್ಲ ಎಂದಿತು. ವೈಟ್‌ಫೀಲ್ಡ್ ಆಚೆಯ ಯಾವ ಪಂಚಾಯಿತಿ ಸದಸ್ಯರನ್ನು ಕೇಳಿ ನೋಡಿ, ಅಪಾರ್ಟ್‌ಮೆಂಟಿನ ತೆರಿಗೆ ಎಲ್ಲಿಗೆ ಹೋಗುತ್ತದೆ ಅನ್ನುವ ಜಗಳ ಇವತ್ತಿಗೂ ಬಿಸಿ.

ಆಗಲೇ ಇನ್ನೊಂದು ಯೋಚನೆ ಮಾಡಿದ್ದಳು. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್ ಸೀಮೆಯಲ್ಲಿ ಹೆಂಗಸರಿಗೆ ತರಬೇತಿ ಕೊಟ್ಟು, ಹಳ್ಳಿಮನೆಗಳಿಗೆ ಹೋಗಿ ಆರೋಗ್ಯದ ಮಾತು ಹೇಳುವ ಕೆಲಸಕ್ಕೆ ಹಚ್ಚಿದ್ದರು. ಇಂಡಿಯಾದ ಹಳ್ಳಿಗಳಿಗೂ ಹಾಗೇ ಮಾಡಬಹುದು, ಆದರೆ ಹೋಗುವವರು ಅಪ್ಪಣೆ ಕೊಡುವ ಅಧಿಕಾರಿಗಳಾಗಬಾರದು, ಊರಿನವರ ಒಪ್ಪಿಗೆ ಪಡೆದು ಒಳಗೆ ಹೋಗುವವರಾಗಬೇಕು ಅಂತ ಬರೆದಳು. ನಮ್ಮ ಆಶಾ ಅಕ್ಕಂದಿರು ಆ ಯೋಚನೆಯ ನೇರ ಸಂತಾನ ಅಂತ ನಾನು ಹೇಳುವುದಿಲ್ಲ. ಹೋಲಿಕೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ಆಕೆ ಕೇಳಿದ್ದು ನಮ್ಮ ಹಳ್ಳಿಗಳಲ್ಲಿ ನಿಜವಾಗಿ ನಡೆದದ್ದು ಆಕೆ ಸತ್ತು ಐವತ್ತು ವರ್ಷದ ಮೇಲೆ. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರ ಸೆಪ್ಟೆಂಬರಿನಲ್ಲಿ ನೆಹರೂ ಉದ್ಘಾಟಿಸಿದರು. ಮರುವರ್ಷದಿಂದ 1968ರವರೆಗೆ ಅದರ ತಂಡಗಳು ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಮನೆಮನೆಗೆ ನಾಲ್ಕು ಸುತ್ತು ಹೋದವು. ಸುಮಾರು 65 ಸಾವಿರ ಜನ. ಮೊದಲು ಮನೆಗಳ ಪಟ್ಟಿ, ಹೆಸರುಗಳ ಪಟ್ಟಿ. ತೋಳಿಗೆ ಟ್ಯುಬರ್ಕ್ಯುಲಿನ್ ಚುಚ್ಚಿ ಕೆಲವು ದಿನ ಬಿಟ್ಟು ಬಂದು ಬಾವು ಅಳೆಯುವುದು, ವ್ಯಾನಿನಲ್ಲಿ ತಂದ ಯಂತ್ರದಲ್ಲಿ ಎದೆಯ ಎಕ್ಸ್‌ರೇ, ಅನುಮಾನ ಇದ್ದವರ ಕಫ. ಆಮೇಲೆ ಅದೇ ಊರಿಗೆ, ಅದೇ ಮನೆಗೆ, ಅದೇ ಮನುಷ್ಯನನ್ನು ಹುಡುಕಿಕೊಂಡು ಮತ್ತೆ. ಇಂಥ ಕೆಲಸದಲ್ಲಿ ಕಷ್ಟ ಇರುವುದು ಎರಡನೇ ಸುತ್ತಿನಲ್ಲಿ. ಮೊದಲ ಸುತ್ತಿಗೆ ವ್ಯಾನು ನೋಡಲು ಊರೇ ಬರುತ್ತದೆ.

ಆ ಅಧ್ಯಯನದಿಂದ ಬಂದ ಒಂದು ಅಂಕಿ ಇವತ್ತಿಗೂ ಪ್ರಪಂಚದ ಕ್ಷಯರೋಗದ ಪುಸ್ತಕಗಳಲ್ಲಿದೆ. ಕಫದಲ್ಲಿ ರೋಗಾಣು ಸಿಕ್ಕವರನ್ನು ಐದು ವರ್ಷ ಬಿಟ್ಟು ನೋಡಿದರೆ ನೂರಕ್ಕೆ ಸುಮಾರು 49 ಮಂದಿ ಸತ್ತಿದ್ದರು, 33 ಮಂದಿ ತಾವಾಗಿಯೇ ಗುಣವಾಗಿದ್ದರು, 18 ಮಂದಿ ಇನ್ನೂ ರೋಗ ಹರಡುತ್ತ ಬದುಕಿದ್ದರು. ಓದುವಾಗ ಇದು ಅಂಕಿ. ಒಂದು ಸಲ ನಿಧಾನಕ್ಕೆ ಯೋಚಿಸಿ. ಆ ಹಳ್ಳಿಗಳಲ್ಲಿ ಕ್ಷಯದ ವಿರುದ್ಧ ವಿಶೇಷ ಕಾರ್ಯಕ್ರಮವೇನೂ ಇರಲಿಲ್ಲ, ಅದಕ್ಕೇ ರೋಗ ತನ್ನ ಪಾಡಿಗೆ ಬಿಟ್ಟರೆ ಹೇಗೆ ಸಾಗುತ್ತದೆ ಅಂತ ಗೊತ್ತಾಗಿದ್ದು. ಆ ಹೊತ್ತಿಗೆ ಪ್ರಪಂಚದಲ್ಲಿ ಔಷಧಿ ಇತ್ತು. ಎಣಿಸುವವನು ಬರೀ ಎಣಿಸಬಹುದೇ? ಅವತ್ತಿನ ವಿಜ್ಞಾನಿಗಳನ್ನು ಇವತ್ತಿನ ನೈತಿಕ ಸಮಿತಿಯ ಮುಂದೆ ನಿಲ್ಲಿಸುವುದು ಸುಲಭ. ಅದೇ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಬರೆದದ್ದನ್ನೂ ಪಕ್ಕದಲ್ಲೇ ಇಡಬೇಕು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ ಅಂತ ಎಲ್ಲರೂ ನಂಬಿದ್ದರು. ನೋಡಿದರೆ ಬಹುತೇಕ ಎಲ್ಲರಿಗೂ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು, ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು. ದೇಶದ ಕ್ಷಯರೋಗ ಕಾರ್ಯಕ್ರಮ ದೊಡ್ಡ ದೊಡ್ಡ ಸ್ಯಾನಟೋರಿಯಂ ಬಿಟ್ಟು ಹತ್ತಿರದ ಸಾಮಾನ್ಯ ಆಸ್ಪತ್ರೆಯನ್ನೇ ನಂಬಿದ್ದಕ್ಕೆ ಈ ಕಾಗದಗಳು ಕಾರಣ.

ನೈಟಿಂಗೇಲ್ ಮಾಡಿದ್ದರಲ್ಲಿ ನನಗೆ ದೊಡ್ಡದು ಅನ್ನಿಸುವುದು ಈ ವಿಷಯವೇ. ಆಕೆಯ ಪ್ರತಿ ಪಟ್ಟಿಯ ಕೆಳಗೆ ಯಾರು, ಏನು, ಯಾವಾಗ ಮಾಡಬೇಕು ಅಂತ ಇರುತ್ತಿತ್ತು. ಮಂತ್ರಿಗಳಿಗೆ ಆಕೆಯ ಕಾಟ ತಡೆಯಲಾಗದೆ ಹೋದದ್ದು ಅಂಕಿಗಳಿಂದ ಅಲ್ಲ, ಅಂಕಿಯ ಜೊತೆ ಬರುತ್ತಿದ್ದ ಕೆಲಸದ ಪಟ್ಟಿಯಿಂದ.

ಈಗ ಶ್ರೀನಿವಾಸಪುರಕ್ಕೆ ಬನ್ನಿ. ಕೋಲಾರ ಜಿಲ್ಲೆ, ಮಾವಿನ ಊರು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10 ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಮಾಡುತ್ತಿದೆ. ರಕ್ತ, ಜೀನು, ಎಂಆರ್‌ಐ, ನೆನಪಿನ ಶಕ್ತಿಯ ಪರೀಕ್ಷೆ. ಮರೆವಿನ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಅಂತ ತಿಳಿಯುವುದು ಉದ್ದೇಶ. ಆ ಕೇಂದ್ರಕ್ಕೆ ದುಡ್ಡು ಕೊಟ್ಟದ್ದು ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್, 225 ಕೋಟಿ. ಅಂದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹುಟ್ಟಿದ ಹಣ ರಾಗಿ ಹೊಲದ ಅಜ್ಜಿಯ ನೆನಪನ್ನು ಅಳೆಯುತ್ತಿದೆ. ಒಳ್ಳೆಯದೇ. ಓದು ಬರಹ ಬಾರದವರ ಮಿದುಳು ಹೇಗೆ ಮುಪ್ಪಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಅಂಕಿಗಳಿಂದ ಉತ್ತರ ಸಿಗುವುದಿಲ್ಲ.

ಇಂಥದ್ದು ಯಾಕೆ ಪೀಣ್ಯದಲ್ಲಿಲ್ಲ? ಅಲ್ಲಿನ ಅಂತರ್ಜಲದಲ್ಲಿ ಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಸೇರಿದೆ ಅಂತ ಸರ್ಕಾರಿ ವರದಿಗಳೇ ಹೇಳುತ್ತವೆ. ನೀರು ಅಳೆದಿದ್ದಾರೆ. ಆ ನೀರಿನ ಪಕ್ಕ ಮೂವತ್ತು ವರ್ಷ ಬದುಕಿದವರನ್ನು ಹೆಸರು ಹಿಡಿದು ಯಾರು ಹಿಂಬಾಲಿಸುತ್ತಿದ್ದಾರೆ? ಉತ್ತರ ಕಷ್ಟದ್ದಲ್ಲ. ಶ್ರೀನಿವಾಸಪುರದ ಅಜ್ಜಿ ಮುಂದಿನ ವರ್ಷವೂ ಅದೇ ಜಗಲಿಯ ಮೇಲೆ ಸಿಗುತ್ತಾಳೆ. ಪೀಣ್ಯದ ಬಫಿಂಗ್ ಕೆಲಸದ ಹುಡುಗ ಮುಂದಿನ ವರ್ಷ ಎಲ್ಲಿರುತ್ತಾನೋ ಅವನಿಗೇ ಗೊತ್ತಿಲ್ಲ. ಜಾಗ ಬಿಟ್ಟು ಹೋದವನು ಅಂಕಿಯಿಂದಲೂ ಬಿಟ್ಟು ಹೋಗುತ್ತಾನೆ, ಮತ್ತು ಹೋಗುವುದು ಬಹಳ ಸಲ ಕಾಯಿಲೆ ಬಿದ್ದದ್ದಕ್ಕೇ. ಉಳಿದವರನ್ನು ಮಾತ್ರ ಎಣಿಸಿದರೆ ಪೀಣ್ಯ ಆರೋಗ್ಯವಾಗಿ ಕಾಣುತ್ತದೆ.

ಇದು ನನಗೆ ಗೊತ್ತಿರುವುದು ಪುಸ್ತಕದಿಂದಲ್ಲ. ಇಂಜಿನಿಯರಿಂಗ್ ಮುಗಿಸಿ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಮೂರು ವರ್ಷ ಇದ್ದೆ. ನಮ್ಮ ತಂಡ ಮಾಡಿದ್ದು ಉದ್ಯೋಗಿಗಳ ಆರೋಗ್ಯದ ಡ್ಯಾಶ್‌ಬೋರ್ಡ್. ಯಾರ ಬಿಪಿ ಎಷ್ಟು, ಎಷ್ಟು ಹೆಜ್ಜೆ ನಡೆದರು, ವರ್ಷಕ್ಕೆ ಎಷ್ಟು ಸುಧಾರಿಸಿತು ಅಂತ ಹಸಿರು ಗೆರೆ ಮೇಲಕ್ಕೆ ಹೋಗುವುದನ್ನು ತೋರಿಸುತ್ತಿತ್ತು. ಅದೇ ಮಹಡಿಯನ್ನು ಒರೆಸುವ, ಬಾಗಿಲು ಕಾಯುವ ಇನ್ನೂರು ಚಿಲ್ಲರೆ ಜನ ಅದರಲ್ಲಿ ಇರಲಿಲ್ಲ. ಅವರು ಗುತ್ತಿಗೆದಾರನ ಜನ, ನಮ್ಮ ಡೇಟಾದಲ್ಲಿ ಬರುವುದಿಲ್ಲ ಅಂದರು. ಗೇಟಿನಲ್ಲಿ ದಿನಾ ಸಲಾಂ ಹೊಡೆಯುತ್ತಿದ್ದ ಒಬ್ಬರು ಒಂದು ಸೋಮವಾರದಿಂದ ಬರಲಿಲ್ಲ. ಕೆಮ್ಮು ಇತ್ತು. ಊರಿಗೆ ಹೋದರಂತೆ. ಡ್ಯಾಶ್‌ಬೋರ್ಡಿನಲ್ಲಿ ಏನೂ ಬದಲಾಗಲಿಲ್ಲ. ಆ ತಿಂಗಳೂ ಗೆರೆ ಹಸಿರೇ ಇತ್ತು.

ನಮ್ಮ ದೇಶದಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಸಾವುಗಳನ್ನು ಬರೆದುಕೊಳ್ಳುವುದು ಈಗ ಬಹಳ ಸುಧಾರಿಸಿದೆ, ಆಸ್ತಿ ಖಾತೆಗೆ, ವಿಮೆಗೆ ಸರ್ಟಿಫಿಕೇಟ್ ಬೇಕಲ್ಲ. ಆದರೆ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ದೃಢಪಡಿಸಿದ್ದು ನೂರಕ್ಕೆ 22.5 ಮಾತ್ರ. ಉಳಿದವರು ಸತ್ತರು, ಅಷ್ಟೇ. ಫಾರ್ ಲಂಡನ್ನಿನಲ್ಲಿ ಕಾರಣದ ಪಟ್ಟಿ ಮಾಡಲು ಕೂತು ಆಗಲೇ 180 ವರ್ಷ ದಾಟಿತ್ತು.

ನೈಟಿಂಗೇಲ್ ಕೊನೆಯ ಇಪ್ಪತ್ತು ವರ್ಷದಲ್ಲಿ ಇನ್ನೊಂದು ಪ್ರಯತ್ನ ಮಾಡಿ ಸೋತಳು. 1891ರಲ್ಲಿ ಫ್ರಾನ್ಸಿಸ್ ಗಾಲ್ಟನ್‌ಗೆ ಬರೆದು, ಸಮಾಜದ ಪ್ರಶ್ನೆಗಳಿಗೆ ಸಂಖ್ಯಾಶಾಸ್ತ್ರ ಬಳಸುವುದನ್ನು ಕಲಿಸಲು ಆಕ್ಸ್‌ಫರ್ಡಿನಲ್ಲಿ ಒಂದು ಪ್ರಾಧ್ಯಾಪಕ ಪೀಠ ಮಾಡೋಣ ಅಂದಳು. ಮಂತ್ರಿಗಳು ಅಂಕಿಗಳನ್ನು ತರಿಸಿಕೊಳ್ಳುತ್ತಾರೆ, ಓದಲು ಬರುವುದಿಲ್ಲ ಅನ್ನುವುದು ಆಕೆಯ ದೂರು. ಪೀಠ ಆಗಲಿಲ್ಲ. ಕಣ್ಣು ಮಂಜಾಯಿತು, 1901ರ ಹೊತ್ತಿಗೆ ಓದು ಬರಹ ನಿಂತೇಹೋಯಿತು. ಆಮೇಲೆ ನೆನಪೂ ಹೋಗತೊಡಗಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಕೊಟ್ಟರು, ಅದನ್ನು ಪಡೆದ ಮೊದಲ ಹೆಂಗಸು. ತನಗೆ ಏನು ಕೊಟ್ಟರು ಅನ್ನುವುದು ಆಕೆಗೆ ಪೂರ್ತಿ ತಿಳಿಯುವ ಸ್ಥಿತಿ ಇರಲಿಲ್ಲ.

ತೀರಿಕೊಂಡದ್ದು 1910ರ ಆಗಸ್ಟ್ 13ರಂದು, ತೊಂಬತ್ತು ತುಂಬಿದ ಮೇಲೆ. ತನ್ನ ದೇಹವನ್ನು ಕೊಯ್ದು ನೋಡಿ, ವೈದ್ಯರಿಗೆ ಉಪಯೋಗವಾಗಲಿ ಅಂತ ಉಯಿಲಿನಲ್ಲಿ ಬರೆದಿಟ್ಟಿದ್ದಳು. ವರ್ಷಗಟ್ಟಲೆ ತನ್ನನ್ನು ಮಂಚಕ್ಕೆ ಕಟ್ಟಿದ ಕಾಯಿಲೆ ಯಾವುದು ಅನ್ನುವುದೂ ಆಗ ಗೊತ್ತಾಗುತ್ತಿತ್ತೇನೋ. ಯಾರೂ ಕೊಯ್ಯಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣು ಮಾಡುತ್ತೇವೆ ಅಂತ ಸರ್ಕಾರ ಹೇಳಿದ್ದಕ್ಕೆ ಮನೆಯವರು ಬೇಡ ಅಂದರು. ಹ್ಯಾಂಪ್‌ಶೈರಿನ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ, ಅಪ್ಪ ಅಮ್ಮನ ಪಕ್ಕದಲ್ಲಿ ಹೂಳಿದರು. ಕಲ್ಲಿನ ಮೇಲೆ ಪೂರ್ತಿ ಹೆಸರೂ ಇಲ್ಲ. ಎರಡು ಅಕ್ಷರ, ಹುಟ್ಟಿದ ತಾರೀಖು, ಸತ್ತ ತಾರೀಖು.